ಟೈಲರಮ್ಮನ ಫೋಲ್ಡರಿಗೆ ಸಾಹೇಬರ ಬೀಗ

ರೆಡಿಮೇಡ್ ಬಟ್ಟೆಯ ಅಂಗಡಿಗಳೆಲ್ಲ ಒಂದೇ ಸುಳ್ಳಿನ ಮೇಲೆ ನಿಂತಿವೆ. ಮನುಷ್ಯನ ಎರಡೂ ಭುಜಗಳು ಒಂದೇ ಎತ್ತರದಲ್ಲಿರುತ್ತವೆ ಎನ್ನುವುದೇ ಆ ಸುಳ್ಳು. ಇರುವುದಿಲ್ಲ. ನಂಬಿಕೆ ಬರದಿದ್ದರೆ ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತು ನೋಡಿ. ಹೆಚ್ಚಿನವರಲ್ಲಿ ಅರ್ಧ ಬೆರಳಿನ ವ್ಯತ್ಯಾಸ, ಕೆಲವರಲ್ಲಿ ಎರಡು ಬೆರಳು, ಇನ್ನು ಕೆಲವರಲ್ಲಿ ಒಂದು ಗೇಣು. ಅರ್ಧ ಬೆರಳಿನವರು ಅಂಗಡಿಗೆ ಹೋಗಿ ಅಂಗಿ ತಂದು ಹಾಕಿಕೊಂಡು, ತಾವೇ ಸರಿಯಾದ ಅಳತೆಯ ಜನ ಎಂದು ಬೀಗುತ್ತಾರೆ. ಗೇಣಿನವರು ಟೈಲರಮ್ಮನ ಮನೆ ಹುಡುಕಿಕೊಂಡು ಬರುತ್ತಿದ್ದರು.

ಟೈಲರಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಕಿಟಕಿಗೆ ಒತ್ತಿಕೊಂಡು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಗೋಡೆಗೆ ಬಡಿದ ಹಲಗೆಯ ಮೇಲೆ ಬಟ್ಟೆ ಕತ್ತರಿಸುವ ಜಾಗ, ಬಿಸ್ಕತ್ತಿನ ಹಳೇ ಡಬ್ಬಿಯ ತುಂಬ ಗುಂಡಿಗಳು, ಬಾಗಿಲಿಗೆ ದಪ್ಪನೆಯ ಪರದೆ. ಅಪಘಾತದಲ್ಲಿ ಬೆನ್ನು ಬಾಗಿದ ಬಸ್ ಕಂಡಕ್ಟರ್, ಕಾಯಿಲೆಯಿಂದ ಒಂದು ಮೊಲೆ ತೆಗೆಸಿಕೊಂಡ ಶಾಲೆಯ ಮೇಡಂ, ಎಡಗೈ ಮೊಣಕೈಗೇ ನಿಂತುಹೋದ ತರಕಾರಿ ಮಾರುವ ಹೆಂಗಸು, ಎಲ್ಲರೂ ಆ ಪರದೆಯ ಹಿಂದೆ ನಿಂತು ಹೋದವರೇ. ಅದಕ್ಕೂ ಮೊದಲು ನಾಲ್ಕು ಕಡೆ ಹೋಗಿ, ಇದಕ್ಕೆ ನಾವೇನು ಮಾಡೋಕಾಗುತ್ತೆ ಎಂಬ ಮಾತು ಕೇಳಿಸಿಕೊಂಡು ಬಂದವರು. ಟೈಲರಮ್ಮ ಆ ಮಾತು ಆಡಿದವಳಲ್ಲ.

ಆಕೆಯದೇ ಒಂದು ಪದ್ಧತಿಯಿತ್ತು. ಬೇರೆ ದರ್ಜಿಗಳು ಟೇಪು ಹಿಡಿದು ಮೈಯ ಅಂಕಿಗಳನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ, ಮೂಲೆಯಲ್ಲಿ ಕೂತ ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಟೈಲರಮ್ಮ ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಬೇರೆಬೇರೆಯಾಗಿ ಅಳೆದು ತಾನೇ ಬರೆದುಕೊಳ್ಳುತ್ತಿದ್ದಳು. ತನ್ನ ಮೈಯ ಲೆಕ್ಕವನ್ನು ಪಕ್ಕದವರ ಎದುರು ಕೇಳಿಸಿಕೊಳ್ಳುವುದು ಬಾಗಿದ ಬೆನ್ನಿನವರಿಗೆ ಎಂಥ ಹಿಂಸೆ ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನುಷ್ಯತ್ವ ಇದ್ದವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ.

ಅಳತೆ ಮುಗಿದ ಮೇಲೆ ಆ ಮೈಗೆ ಬೇಕಾದ ಕತ್ತರಿಕೆಯನ್ನು ಚೌಕಳಿ ಹಾಳೆಯ ಮೇಲೆ ಚಿಕ್ಕದಾಗಿ ಇಳಿಸುತ್ತಿದ್ದಳು. ಎಲ್ಲಿ ಬಟ್ಟೆ ಹೆಚ್ಚು ಬಿಡಬೇಕು, ಎಲ್ಲಿ ಮಡಿಕೆ ಹಿಡಿದರೆ ಇಳಿದ ಭುಜ ಕಾಣುವುದಿಲ್ಲ, ಒಂದೇ ಕೈಯಲ್ಲಿ ಹಾಕಿಕೊಳ್ಳುವವರಿಗೆ ಗುಂಡಿ ಯಾವ ಕಡೆ ಬರಬೇಕು, ಎಲ್ಲ ಅದರಲ್ಲೇ. ಹಾಳೆಯ ಮೇಲೆ ಗಿರಾಕಿಯ ಹೆಸರಿರುತ್ತಿರಲಿಲ್ಲ, ಒಂದು ಸಂಖ್ಯೆ ಮಾತ್ರ. ಮೂವತ್ತೊಂದು ವರ್ಷದಲ್ಲಿ ನಾನೂರ ಹನ್ನೆರಡು ಹಾಳೆಗಳಾಗಿದ್ದವು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಚಿಕ್ಕಮ್ಮನ ಯಂತ್ರದ ಪಕ್ಕದಲ್ಲಿ ಕೂತು ಕೆಲಸ ಕಲಿತವಳ ಹತ್ತಿರ ಬೇರೆ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಇನ್ನು ಆಕೆಯ ಗಂಡನ ವಿಷಯ. ಬೇಡವೆಂದರೂ ಬರೆಯಲೇಬೇಕು.

ಬೀದಿಯವರು ಅವರನ್ನು ರಿಜಿಸ್ಟರ್ ಸಾಹೇಬರು ಎನ್ನುತ್ತಿದ್ದರು. ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಗೆ ಅವರು ಮುಖ್ಯಸ್ಥರಾಗಿದ್ದವರು. ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿ, ಕೋಣೆಯ ಮುಂದೆ ಅವರ ಮೇಜು, ಮೇಜಿನ ಮೇಲೆ ಒಂದು ರಿಜಿಸ್ಟರು. ಕಾಗದ ಬೇಕಾದವರು ಅದರಲ್ಲಿ ತಾರೀಕು, ಹೊತ್ತು, ಉದ್ದೇಶ ಬರೆದು ಸಹಿ ಹಾಕಬೇಕು. ಹಾಕಿದ ಮೇಲೆ ಸಾಹೇಬರು ನಾಳೆ ಬನ್ನಿ ಎನ್ನುತ್ತಿದ್ದರು. ತಮ್ಮದೇ ಜಮೀನಿನ, ತಮ್ಮದೇ ಹುಟ್ಟಿನ, ತಮ್ಮದೇ ಸತ್ತವರ ಕಾಗದ ಕೇಳಿಕೊಂಡು ಬಂದವರನ್ನು ಹೀಗೆ ಅಲೆಸಿದ್ದೇ ಅವರ ಜೀವಮಾನದ ಸಾಧನೆ. ಅವರು ಕೈ ಒಡ್ಡಿದವರಲ್ಲ, ಅಷ್ಟರ ಮಟ್ಟಿಗೆ ಶುದ್ಧ. ಅವರಿಗೆ ಬೇಕಾಗಿದ್ದು ಎದುರು ನಿಂತವರ ಬಗ್ಗಿದ ತಲೆ. ಲಂಚ ತಿನ್ನುವವನಿಗಾದರೂ ಒಂದಲ್ಲ ಒಂದು ದಿನ ಹೊಟ್ಟೆ ತುಂಬುತ್ತದೆ. ಈ ಹಸಿವಿಗೆ ಹೊಟ್ಟೆಯೇ ಇಲ್ಲ.

ನಿವೃತ್ತಿಯಾದಾಗ ಕಚೇರಿಯವರು ಒಂದು ಸನ್ಮಾನ ಮಾಡಿದರು, ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆಸಿದರು, ಒಂದು ಕಂಪ್ಯೂಟರನ್ನು ಕಾಣಿಕೆಯಾಗಿ ಕೊಟ್ಟರು. ಪೀಡೆ ತೊಲಗಿತಲ್ಲ ಎಂಬ ಸಂತೋಷಕ್ಕೆ ಕೊಟ್ಟರೆಂದು ತಿಳಿದವರು ಹೇಳುತ್ತಾರೆ. ಕಂಪ್ಯೂಟರು ಹಜಾರದ ಮೂಲೆಯಲ್ಲಿ ಕೂತ ದಿನವೇ ಸಾಹೇಬರ ಕಚೇರಿ ಮನೆಯಲ್ಲಿ ಮತ್ತೆ ಶುರುವಾಯಿತು. ತಮಗೆ ಒಂದು ಖಾತೆ ಮಾಡಿಕೊಂಡರು, ಅಡ್ಮಿನಿಸ್ಟ್ರೇಟರ್ ಎಂದು, ಸನ್ಮಾನದ ಫೋಟೊ ಸಮೇತ. ಹೆಂಡತಿಗೆ ಇನ್ನೊಂದು ಖಾತೆ, ಅಧಿಕಾರವೇನೂ ಇಲ್ಲದ ಸಾಧಾರಣ ಖಾತೆ. ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ನೋಟುಪುಸ್ತಕ ನೇತುಹಾಕಿದರು. ತಾರೀಕು, ಹೊತ್ತು, ಉದ್ದೇಶ, ಸಹಿ. ಇರುವವರು ಇಬ್ಬರೇ, ಅವರಲ್ಲಿ ಸಹಿ ಹಾಕಬೇಕಾದವಳು ಒಬ್ಬಳೇ.

ಟೈಲರಮ್ಮ ನಕ್ಕು ಸುಮ್ಮನಾದಳು. ಆಕೆಯ ತಪ್ಪು ಇದ್ದರೆ ಇದೊಂದೇ: ಬಹಳ ವರ್ಷ ನಕ್ಕು ಸುಮ್ಮನಾದದ್ದು.

ಅಟ್ಟದ ಮೇಲಿದ್ದ ಹಾಳೆಗಳ ಕಟ್ಟು ಸಾಹೇಬರ ಕಣ್ಣಿಗೆ ಬಿದ್ದದ್ದು ಆಮೇಲೆ. ಕಸ, ಇಲಿ, ಧೂಳು ಎಂದು ದಿನವೂ ಗೊಣಗಿದರು. ಕೊನೆಗೆ ಟೈಲರಮ್ಮ ಬೀದಿಯ ತುದಿಯ ಜೆರಾಕ್ಸ್ ಅಂಗಡಿಗೆ ದಿನಕ್ಕೆ ಐದಾರು ಹಾಳೆ ಒಯ್ದು ಸ್ಕ್ಯಾನ್ ಮಾಡಿಸಿ, ಪೆನ್ ಡ್ರೈವಿನಲ್ಲಿ ಹಾಕಿಸಿಕೊಂಡು ಬಂದು, ನೋಟುಪುಸ್ತಕದಲ್ಲಿ ‘ಉದ್ದೇಶ: ಅಳತೆ ಇಡುವುದು’ ಎಂದು ಬರೆದು, ತನ್ನ ಖಾತೆಯಲ್ಲಿ ಕೂತು, ‘ಅಳತೆ’ ಎಂಬ ಫೋಲ್ಡರ್ ಮಾಡಿ ಒಂದೊಂದಾಗಿ ಇಟ್ಟಳು. ಮೂರು ತಿಂಗಳು ಹಿಡಿಯಿತು. ಕೊನೆಯ ಹಾಳೆ ಏರಿದ ವಾರವೇ ಸಾಹೇಬರು ಕಟ್ಟನ್ನು ರದ್ದಿಯವನಿಗೆ ಹಾಕಿದರು. ಪೆನ್ ಡ್ರೈವಿನಿಂದ ವೈರಸ್ ಬರುತ್ತದೆಂದು ಅದನ್ನೂ ಕಿತ್ತುಕೊಂಡು, ಅಳಿಸಿ ಖಾಲಿ ಮಾಡಿ, ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಖಾಲಿ ವಸ್ತುವಿಗೂ ಬೀಗ ಹಾಕುವ ಜನ ಇವರು. ಜೆರಾಕ್ಸ್ ಅಂಗಡಿಯಲ್ಲಾದರೂ ಪ್ರತಿ ಇರಬಹುದಿತ್ತು. ಆದರೆ ಗಿರಾಕಿಗಳ ಕಾಗದ ತನ್ನ ಯಂತ್ರದಲ್ಲಿ ಉಳಿಯಬಾರದೆಂದು ಪ್ರತಿ ಶನಿವಾರ ಎಲ್ಲ ಅಳಿಸುವುದು ಆ ಅಂಗಡಿಯಾಕೆಯ ನಿಯಮ. ಹೀಗಾಗಿ ಮೂವತ್ತೊಂದು ವರ್ಷದ ಕೆಲಸ ಆ ಒಂದು ಫೋಲ್ಡರಿನಲ್ಲಿ ಮಾತ್ರ ಉಳಿಯಿತು.

ಆ ವರ್ಷ ಟೈಲರಮ್ಮನಿಗೆ ಒಂದು ಕರೆ ಬಂತು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ತರಬೇತಿ ಶಾಲೆಯೊಂದರ ಪ್ರಾಂಶುಪಾಲೆ ಆಕೆಯ ಗಿರಾಕಿ. ಇಂಥ ಮೈಗಳಿಗೆ ಹೊಲಿಯುವುದನ್ನು ನಮ್ಮ ಹುಡುಗಿಯರಿಗೆ ಕಲಿಸುತ್ತೀರಾ ಎಂದು ಕೇಳಿದರು. ಸರ್ಟಿಫಿಕೇಟ್ ಇಲ್ಲದವರನ್ನು ತೆಗೆದುಕೊಳ್ಳಬೇಕಾದರೆ ಆಯ್ಕೆ ಸಮಿತಿ ಕಣ್ಣಾರೆ ಕೆಲಸ ನೋಡಬೇಕು. ಬುಧವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ನಕ್ಷೆಗಳನ್ನು ತನ್ನಿ, ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ತೋರಿಸೋಣ, ತೋರಿಸಿದರೆ ಅವರು ಒಪ್ಪದೆ ಇರಲಾರರು, ಬರಿ ಬಾಯಿಮಾತಿಗೆ ಒಪ್ಪುವವರಲ್ಲ ಎಂದರು.

ಟೈಲರಮ್ಮನ ಮೊಣಕಾಲುಗಳು ಸವೆದಿದ್ದವು. ಯಂತ್ರ ತುಳಿಯುವುದು ಹೆಚ್ಚೆಂದರೆ ಇನ್ನೆರಡು ವರ್ಷ ಎಂದು ಡಾಕ್ಟರು ಹೇಳಿದ್ದರು. ತುಳಿಯುವುದು ನಿಂತರೆ ಆಮೇಲೆ ಇಳಿದ ಭುಜದವರು, ಗಿಡ್ಡ ಕೈಯವರು ಎಲ್ಲಿಗೆ ಹೋಗಬೇಕು ಎಂಬುದು ಆಕೆಯನ್ನು ಕೊರೆಯುತ್ತಿದ್ದ ಯೋಚನೆ. ಇಪ್ಪತ್ತು ಹುಡುಗಿಯರಿಗೆ ಕಲಿಸಿದರೆ ಇಪ್ಪತ್ತು ಪರದೆಗಳಾಗುತ್ತವೆ. ಆ ಆಸೆಗೆ ಆಕೆ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಆ ಭಾನುವಾರವೇ ಸಾಹೇಬರಿಗೆ ಭದ್ರತೆಯ ಹುಚ್ಚು ತಲೆಗೇರಿತು. ಮನೆಯ ಕಂಪ್ಯೂಟರುಗಳಿಗೆ ಕನ್ನ ಹಾಕುವ ಕಳ್ಳರ ಬಗ್ಗೆ ಪತ್ರಿಕೆಯಲ್ಲಿ ಏನೋ ಓದಿದ್ದರು. ಅವರ ಸನ್ಮಾನದ ಫೋಟೊ ಕದಿಯಲು ಯಾವ ಕಳ್ಳ ಕಾದು ಕೂತಿದ್ದನೋ, ದೇವರೇ ಬಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಡಿ ಡ್ರೈವಿನಲ್ಲಿದ್ದ ಏಳೂ ಫೋಲ್ಡರುಗಳಿಗೆ ಬಂದೋಬಸ್ತು ಮಾಡಿದರು. ಆರು ಅವರವು, ಏಳನೆಯದು ‘ಅಳತೆ’. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆಗೆದು, ಸೆಕ್ಯುರಿಟಿ ಎಂಬ ಪುಟಕ್ಕೆ ಹೋದರೆ ಯಾರಿಗೆ ಅನುಮತಿ, ಯಾರಿಗೆ ನಿರಾಕರಣೆ ಎಂಬ ಪಟ್ಟಿ ಇರುತ್ತದೆ. ಅಂಥ ಪಟ್ಟಿ ಕಂಡರೆ ಸಾಹೇಬರಿಗೆ ತವರುಮನೆ ಕಂಡಂತೆ. ಮೊದಲ ಸಾಲಿನಲ್ಲಿ ತಮ್ಮ ಹೆಸರು ಸೇರಿಸಿ ಪೂರ್ತಿ ಅನುಮತಿ ಕೊಟ್ಟುಕೊಂಡರು. ಎರಡನೆಯ ಸಾಲಿನಲ್ಲಿ ‘ಎಲ್ಲರೂ’ ಎಂದು ಸೇರಿಸಿ ಪೂರ್ತಿ ನಿರಾಕರಣೆಗೆ ಗುರುತು ಹಾಕಿದರು.

ಯಂತ್ರ ಒಂದು ಎಚ್ಚರಿಕೆ ಕೊಟ್ಟಿತು. ನಿರಾಕರಣೆಯ ಮಾತು ಅನುಮತಿಯ ಮಾತಿಗಿಂತ ಮೇಲೆ ನಿಲ್ಲುತ್ತದೆ, ಮುಂದುವರಿಯಬೇಕೇ ಎಂದು ಕೇಳಿತು. ಕೆಳಗಿನಿಂದ ಬಂದ ಯಾವ ಟಿಪ್ಪಣಿಯನ್ನೂ ಸಾಹೇಬರು ಜೀವಮಾನದಲ್ಲಿ ಓದಿದವರಲ್ಲ. ಹೌದು ಎಂಬ ಗುಂಡಿ ಒತ್ತಿದರು. ಏಳು ಸಲ ಕೇಳಿತು, ಏಳು ಸಲ ಒತ್ತಿದರು. ಯಂತ್ರವನ್ನು ಆರಿಸಿ, ಈಗ ಯಾವನು ಬರ್ತಾನೋ ಬರಲಿ ಎಂದು ಮೀಸೆ ನೀವಿಕೊಂಡು ಚಹಾ ಕೇಳಿದರು.

ಮಂಗಳವಾರ ಬೆಳಿಗ್ಗೆ ಟೈಲರಮ್ಮ ಹೊಸ ಪೆನ್ ಡ್ರೈವ್ ಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ನೋಟುಪುಸ್ತಕದಲ್ಲಿ ಸಹಿ ಹಾಕಿ, ತನ್ನ ಖಾತೆಗೆ ಹೋಗಿ, ‘ಅಳತೆ’ಯ ಮೇಲೆ ಒತ್ತಿದಳು. ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂದು ಯಂತ್ರ ಹೇಳಿತು.

ಅಡ್ಮಿನಿಸ್ಟ್ರೇಟರು ಹಜಾರದ ಕನ್ನಡಿಯ ಮುಂದೆ ಗಲ್ಲಕ್ಕೆ ನೊರೆ ಬಳಿದುಕೊಂಡು ನಿಂತಿದ್ದರು.

ಕೇಳಿದಳು. ಸಾಹೇಬರ ಮುಖದಲ್ಲಿ ನೊರೆಯ ಹಿಂದಿನಿಂದಲೂ ಒಂದು ಸಂತೋಷ ಇಣುಕಿತು. ಎಷ್ಟೋ ದಿನದ ಮೇಲೆ ಒಬ್ಬರು ಕಾಗದ ಕೇಳಿಕೊಂಡು ಎದುರು ನಿಂತಿದ್ದರು. ತಡಿ, ಕ್ಷೌರ ಮುಗೀಲಿ ಎಂದರು. ಮುಗಿದ ಮೇಲೆ ಸ್ನಾನ, ಸ್ನಾನದ ಮೇಲೆ ತಿಂಡಿ, ತಿಂಡಿಯ ಮೇಲೆ ಪತ್ರಿಕೆ. ಹತ್ತೂವರೆಗೆ ಠೀವಿಯಿಂದ ಬಂದು ಕುರ್ಚಿಯ ಮೇಲೆ ಕೂತು ತಮ್ಮ ಖಾತೆ ತೆರೆದರು. ‘ಅಳತೆ’ಯ ಮೇಲೆ ಒತ್ತಿದರು. ನಿಮಗೆ ಅನುಮತಿ ಇಲ್ಲ. ಹುಬ್ಬು ಗಂಟಿಕ್ಕಿ ತಮ್ಮದೇ ‘ಸನ್ಮಾನ’ ಫೋಲ್ಡರಿನ ಮೇಲೆ ಒತ್ತಿದರು. ನಿಮಗೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ.

“ಅದು ನಾನೇ ಕಣೋ” ಎಂದರು ಸಾಹೇಬರು ಯಂತ್ರಕ್ಕೆ.

ಯಂತ್ರ ಮಾತು ಬದಲಿಸಲಿಲ್ಲ. ನಾಳೆ ಬನ್ನಿ ಎಂದು ಹೇಳುವಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ.

ಮುಂದಿನ ಒಂದೂವರೆ ಗಂಟೆ ಸಾಹೇಬರು ಯಂತ್ರವನ್ನು ಆರಿಸಿ ಹೊತ್ತಿಸಿದರು, ತಂತಿ ಕಿತ್ತು ಸಿಕ್ಕಿಸಿದರು, ಪೆಟ್ಟಿಗೆಯ ನೆತ್ತಿಗೆ ಎರಡು ತಟ್ಟಿದರು. ಅದಾದ ಮೇಲೆ ಇಂಥವರು ಯಾವಾಗಲೂ ಮಾಡುವುದನ್ನೇ ಮಾಡಿದರು. ನೋಟುಪುಸ್ತಕ ತೆಗೆದು ಕೊನೆಯ ಸಹಿ ಯಾರದೆಂದು ನೋಡಿದರು. ಅದು ಹೆಂಡತಿಯದಾಗಿತ್ತು. ಬೇರೆ ಯಾರದ್ದಾಗಿರಲು ಸಾಧ್ಯ? ನೀನೇ ಏನೋ ಒತ್ತಿ ಕೆಡಿಸಿದ್ದೀಯ, ದಾಖಲೆ ಇದೆ ನೋಡು ಎಂದು ಬೆರಳಿಟ್ಟು ತೋರಿಸಿದರು. ಭಾನುವಾರ ಇಡೀ ದಿನ ಕೂತಿದ್ದು ನೀವಲ್ಲವೇ ಎಂದು ಟೈಲರಮ್ಮ ಕೇಳಿದರೆ, ತಾವು ಭದ್ರತೆ ಹೆಚ್ಚಿಸಿದ್ದೇ ಹೊರತು ಕೆಡಿಸಿಲ್ಲ ಎಂದರು.

ಸಾಹೇಬರಿಗೆ ಕಚೇರಿಯಲ್ಲಿ ಒಬ್ಬ ಹಳೇ ಗೆಳೆಯನಿದ್ದ, ಕಂಪ್ಯೂಟರ್ ವಿಭಾಗದಲ್ಲಿ ಕುರ್ಚಿ ಬಿಸಿ ಮಾಡಿ ಹೋದವನು. ಅವನಿಗೆ ಫೋನು ಹೋಯಿತು. ಯಾವ ತೊಂದರೆಗೂ ಅವನ ಬಳಿ ಇದ್ದದ್ದು ಒಂದೇ ಮದ್ದು: ಸಿಸ್ಟಂ ಡಿಸ್ಕ್ ಹಾಕಿ, ಡಿ ಡ್ರೈವ್ ಸಮೇತ ಪೂರ್ತಿ ಅಳಿಸಿ ಹೊಸದಾಗಿ ತುಂಬು. ಸಾಹೇಬರ ಮುಖ ಅರಳಿತು. ಅಳಿಸಿಬಿಟ್ಟರೆ ತಪ್ಪು ಯಾರದೆಂಬ ಪ್ರಶ್ನೆಯೂ ಅಳಿಸಿಹೋಗುತ್ತದೆ ಎಂಬುದು ಅವರಿಗೆ ಆ ಕ್ಷಣವೇ ಹೊಳೆದಿತ್ತೆಂದು ನನ್ನ ಬಲವಾದ ಅನುಮಾನ. ಫೋಟೊಗಳ ಪ್ರತಿ ಕಚೇರಿಯಲ್ಲೂ ಇತ್ತಲ್ಲ.

ನನ್ನ ಹಾಳೆಗಳು ಎಂದಳು ಟೈಲರಮ್ಮ. ಅದೇನು ಮಹಾ, ಮತ್ತೆ ಬರೆದರಾಯಿತು ಎಂದರು ಸಾಹೇಬರು. ನಾನೂರ ಹನ್ನೆರಡು ಮೈ. ಅವರಲ್ಲಿ ಅರವತ್ತು ಜನ ಸತ್ತುಹೋಗಿದ್ದರು.

ಸಾಹೇಬರು ಊಟಕ್ಕೆ ಕೈ ತೊಳೆಯಲು ಹೋದಾಗ ಟೈಲರಮ್ಮ ಕಂಪ್ಯೂಟರಿನ ಮೇಜಿನ ಖಾನೆಯಿಂದ ಆ ಡಿಸ್ಕನ್ನು ತೆಗೆದು ಗುಂಡಿಗಳ ಡಬ್ಬಿಯ ತಳದಲ್ಲಿ ಹೂತಿಟ್ಟಳು. ಮೂವತ್ಮೂರು ವರ್ಷದ ಸಂಸಾರದಲ್ಲಿ ಸಾಹೇಬರ ಅಂಗಿಗೆ ಎಷ್ಟೋ ಸಾವಿರ ಗುಂಡಿ ಆ ಡಬ್ಬಿಯಿಂದ ಹೋಗಿದ್ದವು, ಸಾಹೇಬರ ಕೈ ಮಾತ್ರ ಒಮ್ಮೆಯೂ ಅದರೊಳಗೆ ಹೋಗಿರಲಿಲ್ಲ. ಅದಕ್ಕಿಂತ ಭದ್ರವಾದ ಜಾಗ ಆ ಮನೆಯಲ್ಲಿ ಇರಲಿಲ್ಲ. ಬಡಿಸಿಟ್ಟು, ಚಪ್ಪಲಿ ಮೆಟ್ಟಿ, ನೋಯುವ ಮೊಣಕಾಲಿನಲ್ಲೇ ಬೀದಿಯ ತುದಿಗೆ ನಡೆದಳು.

ಜೆರಾಕ್ಸ್ ಅಂಗಡಿಯಾಕೆ ಸುಮಾರು ನಲವತ್ತರ ಹೆಂಗಸು. ಕಂಪ್ಯೂಟರ್ ರಿಪೇರಿ ಕೆಟ್ಟುಹೋದ ಯಂತ್ರಗಳ ಮೇಲೆ ತಾನೇ ಕಲಿತದ್ದು. ಟೈಲರಮ್ಮ ಹೇಳಿದ್ದನ್ನು ಕೇಳಿ, ಅಳಿಸಿಲ್ಲ ತಾನೇ ಎಂದು ಎರಡು ಸಲ ಖಚಿತಪಡಿಸಿಕೊಂಡು, ಅಂಗಡಿಯ ಬಾಗಿಲು ಎಳೆದು, ಅರ್ಧ ಗಂಟೆ ಎಂಬ ಹಲಗೆ ತಗುಲಿಸಿ ಹೊರಟಳು.

ಅವರು ಬರುವ ಹೊತ್ತಿಗೆ ಸಾಹೇಬರು ಮನೆಯನ್ನೆಲ್ಲ ಬುಡಮೇಲು ಮಾಡಿ ಡಿಸ್ಕ್ ಹುಡುಕುತ್ತಿದ್ದರು. ಕ್ರಮವಾಗಿ ಇಡದಿದ್ದರೆ ಹೀಗೇ ಎಂದು ಹೆಂಡತಿಗೆ ಉಪದೇಶವೂ ಜೊತೆಗೇ ಸಾಗಿತ್ತು. ಜೆರಾಕ್ಸಿನಾಕೆಯನ್ನು ಕಂಡು ಮೂಗು ಮುರಿದರು. ಇದು ಪ್ರತಿ ತೆಗೆಯುವ ಕೆಲಸವಲ್ಲಮ್ಮ, ಸಿಸ್ಟಂ ವಿಷಯ ಎಂದರು. ನೋಡ್ತೀನಿ ಸಾರ್, ನೋಡೋಕೇನು ಎಂದು ಆಕೆ ಕುರ್ಚಿ ಎಳೆದುಕೊಂಡು ಕೂತಳು. ನೋಟುಪುಸ್ತಕದ ಕಡೆ ಸಾಹೇಬರು ಕೈ ತೋರಿಸಿದ್ದು ಆಕೆಗೆ ಕಾಣಿಸಲಿಲ್ಲ, ಅಥವಾ ಕಾಣಿಸಿಯೂ ಕಾಣಲಿಲ್ಲ.

ಸಾಹೇಬರ ಖಾತೆ ತೆರೆದೇ ಇತ್ತು. ‘ಸನ್ಮಾನ’ದ ಮೇಲೆ ಬಲಗುಂಡಿ ಒತ್ತಿ, ಸೆಕ್ಯುರಿಟಿಯ ಪುಟ ತೆರೆದು, ಎರಡು ಸಾಲು ಓದಿದಳು. ಅಷ್ಟೇ. ಯಂತ್ರವನ್ನು ಆರಿಸಲಿಲ್ಲ, ತಟ್ಟಲಿಲ್ಲ, ತಂತಿ ಮುಟ್ಟಲಿಲ್ಲ.

“ಸಾರ್, ಎಲ್ಲರಿಗೂ ನಿರಾಕರಣೆ ಅಂತ ಒಂದು ಸಾಲಿದೆಯಲ್ಲ, ಇದನ್ನ ಹಾಕಿದ್ದು ಯಾರು?”

“ನಾನೇ. ಎಲ್ಲರಿಗೂ ಬೇಡ, ನನಗೆ ಬೇಕು. ಅದ್ರಲ್ಲೇನು ತಪ್ಪು?”

“ಎಲ್ಲರಲ್ಲಿ ನೀವೂ ಬರ್ತೀರಲ್ಲ ಸಾರ್.”

“ನಾನು ಹೇಗೆ ಬರ್ತೀನಿ?”

ಇದನ್ನು ಅವರು ತಮಾಷೆಗೆ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದರು. ಅರವತ್ತೆರಡು ವರ್ಷದ ಮನುಷ್ಯ, ಓದು ಬರಹ ಬಲ್ಲವರು, ಸಾವಿರಾರು ಕಾಗದಗಳಿಗೆ ರುಜು ಹಾಕಿದವರು, ಎಲ್ಲರು ಎಂದರೆ ಮೇಜಿನ ಆ ಕಡೆ ನಿಂತವರು ಎಂದೇ ಅಷ್ಟು ಕಾಲವೂ ನಂಬಿಕೊಂಡು ಬಂದಿದ್ದರು. ಕಚೇರಿಯಲ್ಲಿ ಯಾರೂ ಅವರನ್ನು ತಿದ್ದಲಿಲ್ಲ, ಮನೆಯಲ್ಲಿ ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ. ಕೊನೆಗೆ ಒಂದು ತಗಡಿನ ಪೆಟ್ಟಿಗೆ ತಿದ್ದಬೇಕಾಯಿತು. ಪೆಟ್ಟಿಗೆಗೆ ದಾಕ್ಷಿಣ್ಯ ಗೊತ್ತಿಲ್ಲ. ಬೇಡ ಎಂದು ಒಮ್ಮೆ ಹೇಳಿಸಿಕೊಂಡರೆ ಆ ಮಾತನ್ನು ಹೇಳಿದವನಿಗೂ ಅನ್ವಯಿಸುತ್ತದೆ. ಕಚೇರಿಗಳು ಹೀಗೆ ನಡೆದಿದ್ದರೆ ಈ ಜನ ಒಂದು ವಾರವೂ ಬಾಳುತ್ತಿರಲಿಲ್ಲ.

ಜೆರಾಕ್ಸಿನಾಕೆ ‘ಅಳತೆ’ಯ ಮೇಲೂ ಹಾಗೇ ಒತ್ತಿದಳು. ಅದರ ಪಟ್ಟಿಯನ್ನು ಸಾಹೇಬರ ಖಾತೆಗೆ ತೋರಿಸಲಿಕ್ಕೂ ಯಂತ್ರ ಒಪ್ಪಲಿಲ್ಲ. ಈ ಫೋಲ್ಡರ್ ಮಾಡಿದ್ದು ಯಾರು ಎಂದು ಕೇಳಿದಳು. ನಾನು, ನನ್ನ ಖಾತೆಯಲ್ಲಿ ಎಂದಳು ಟೈಲರಮ್ಮ. ಹಾಗಾದರೆ ಒಡೆತನ ನಿಮ್ಮ ಹೆಸರಲ್ಲೇ ಇರುತ್ತದೆ ಎಂದು ಜೆರಾಕ್ಸಿನಾಕೆ ಬಿಡಿಸಿ ಹೇಳಿದಳು. ಫೋಲ್ಡರನ್ನು ಯಾರು ಮಾಡಿದರೋ ಅವರನ್ನೇ ಯಂತ್ರ ಅದರ ಒಡೆಯರೆಂದು ಬರೆದುಕೊಂಡಿರುತ್ತದೆ. ಅವರ ಅಧಿಕಾರ ಎಷ್ಟು ಸಣ್ಣದಾದರೂ ಸರಿ, ಮೇಲಿನಿಂದ ಯಾರು ಏನೇ ನಿರಾಕರಣೆ ಹಾಕಲಿ, ಆ ಪಟ್ಟಿಯನ್ನು ತೆರೆದು ತಿದ್ದುವ ಹಕ್ಕು ಒಡೆಯರಿಗೆ ತಪ್ಪುವುದಿಲ್ಲ. ಅಡ್ಮಿನಿಸ್ಟ್ರೇಟರಿಗೂ ಒಂದು ದಾರಿ ಇದೆ, ಆದರೆ ಮೊದಲು ಒಡೆತನವನ್ನೇ ಕಿತ್ತು ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು.

ಸಾಹೇಬರ ಕಿವಿ ನೆಟ್ಟಗಾಯಿತು. ಹಾಗೇ ಮಾಡಿ ಎಂದರು. ಅದೇ ಕ್ರಮ, ಎಲ್ಲ ಒಂದೇ ಹೆಸರಿನಲ್ಲಿದ್ದರೆ ಮುಂದೆ ಗೊಂದಲವಿರುವುದಿಲ್ಲ ಎಂದರು. ಮೌಸಿನ ಕಡೆ ಕೈಯನ್ನೂ ಚಾಚಿದರು.

“ಬೇಡ” ಎಂದಳು ಟೈಲರಮ್ಮ. “ನನ್ನ ಹೆಸರಲ್ಲೇ ತೆಗಿ ತಂಗಿ.”

“ಯಾರ ಹೆಸರಾದ್ರೇನು? ಇರೋ ಮನೆ ಒಂದೇ ಅಲ್ವಾ?”

“ಮನೆ ಒಂದೇ ಆಗಿದ್ರೆ ಆ ಪುಸ್ತಕ ಯಾಕ್ರೀ ನೇತಾಕಿದೀರ?”

ಜೋರಾಗಿ ಹೇಳಲಿಲ್ಲ. ಪರದೆಯ ಹಿಂದೆ ಗಿರಾಕಿಯ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು. ಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಮೂವತ್ಮೂರು ವರ್ಷ ನಗುತ್ತಿದ್ದವಳು ಆ ಹೊತ್ತು ನಗುತ್ತಿರಲಿಲ್ಲ. ಅವರ ಮೋರೆ ಇಂಗು ತಿಂದ ಮಂಗನ ಹಾಗಾಯಿತು.

ಜೆರಾಕ್ಸಿನಾಕೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನಾನು ಮಾಡಿದರೆ ನಾಳೆ ಮತ್ತೆ ನನ್ನನ್ನೇ ಕರೆಯಬೇಕಾಗುತ್ತೆ, ನೀವೇ ಮಾಡಿ ಅಕ್ಕಾ, ನಾನು ಹೇಳ್ತೀನಿ ಎಂದು ಪಕ್ಕದಲ್ಲಿ ಕೈಕಟ್ಟಿ ನಿಂತಳು. ಟೈಲರಮ್ಮ ಸಾಹೇಬರ ಖಾತೆಯಿಂದ ಹೊರಬಂದು ತನ್ನದಕ್ಕೆ ಹೋದಳು. ಪ್ರಾಪರ್ಟೀಸ್, ಸೆಕ್ಯುರಿಟಿ, ಅಲ್ಲಿಂದ ಅಡ್ವಾನ್ಸ್ಡ್ ಎಂಬ ಗುಂಡಿ. ಕಿಟಕಿ ತೆರೆಯಿತು. ಮೇಲಿನ ಸಾಲಿನಲ್ಲಿ ಒಡೆಯರು ಎಂಬ ಜಾಗದಲ್ಲಿ ಆಕೆಯದೇ ಹೆಸರಿತ್ತು. ಆ ಹೆಸರನ್ನು ಯಾವುದರ ಒಡೆಯರೆಂದೂ ಅದುವರೆಗೆ ಯಾರೂ ಬರೆದಿರಲಿಲ್ಲ. ವೋಟಿನ ಚೀಟಿಯಲ್ಲೂ ಅದರ ಹಿಂದೆ ಸಾಹೇಬರ ಹೆಸರಿನ ಬಾಲವಿತ್ತು. ಆಕೆ ಅದನ್ನು ಸ್ವಲ್ಪ ಹೊತ್ತು ಓದಿದಳು.

ಕೆಳಗೆ ಪಟ್ಟಿ. ಎಲ್ಲರೂ, ನಿರಾಕರಣೆ. ಆ ಸಾಲನ್ನು ಒತ್ತಿ ಹಿಡಿದಳು. ತೆಗೆದುಹಾಕು ಎಂಬ ಗುಂಡಿ ಒತ್ತಿದಳು. ಯಂತ್ರ ಏನೋ ಕೇಳಿತು. ಟೈಲರಮ್ಮ ಒಂದೊಂದೇ ಪದವನ್ನು ಬೆರಳಿಟ್ಟು ಓದಿದಳು, ತಿಳಿಯದ ಕಡೆ ತಂಗಿಯನ್ನು ಕೇಳಿದಳು, ತಿಳಿದ ಮೇಲೆ ಹೌದು ಎಂದಳು. ಭಾನುವಾರ ಆ ಕುರ್ಚಿಯಲ್ಲಿ ಕೂತವರು ಮಾಡದೆ ಬಿಟ್ಟದ್ದು ಇಷ್ಟೇ. ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಸಣ್ಣ ಪಟ್ಟಿಯೊಂದು ಓಡಿತು, ಹಾಳೆಗಳ ಸಂಖ್ಯೆಗಳು ಒಂದರ ಹಿಂದೊಂದು ಹಾದುಹೋದವು, ನಿಂತಿತು. ಫೋಲ್ಡರ್ ತೆರೆದಳು. ಕೆಳಗಿನ ಅಂಚಿನಲ್ಲಿ ನಾನೂರ ಹನ್ನೆರಡು ಎಂದಿತ್ತು. ನಡುವಿನ ಯಾವುದೋ ಒಂದನ್ನು ತೆರೆದಳು. ಕಂಡಕ್ಟರನ ಬಾಗಿದ ಬೆನ್ನು, ಅದರ ಮೇಲೆ ಹಾಯುವ ಹೊಲಿಗೆಯ ಗೆರೆ, ಅಂಚಿನಲ್ಲಿ ತನ್ನದೇ ಕೋಳಿಕಾಲಿನ ಅಕ್ಷರ.

ತನ್ನ ಹೊಸ ಪೆನ್ ಡ್ರೈವಿಗೂ ಜೆರಾಕ್ಸಿನಾಕೆ ತಂದಿದ್ದ ಇನ್ನೊಂದಕ್ಕೂ ಪ್ರತಿ ಮಾಡಿ ಒಂದನ್ನು ಗುಂಡಿಗಳ ಡಬ್ಬಿಗೆ ಹಾಕಿದಳು. ಸಾರ್, ನಿಮ್ಮ ಆರೂ ಫೋಲ್ಡರಿನದು ಇದೇ ಥರ, ಕೂತ್ಕೊಳ್ಳಿ, ಐದು ನಿಮಿಷ ಎಂದು ಜೆರಾಕ್ಸಿನಾಕೆ ಕರೆದಳು. ಸಾಹೇಬರು ಕೂರಲಿಲ್ಲ. ತಮಗೆ ಗೊತ್ತಿದೆ, ಬಿಡುವಾದಾಗ ನೋಡಿಕೊಳ್ಳುತ್ತೇನೆ ಎಂದು ಗೋಡೆಗೆ ಹೇಳಿದರು. ನಿಮ್ಮಿಷ್ಟ ಎಂದು ಆಕೆ ಅಂಗಡಿಗೆ ಹೊರಟುಹೋದಳು.

ಬುಧವಾರ ಹತ್ತಕ್ಕೆ ಗೋಡೆಯ ಮೇಲೆ ನಕ್ಷೆಗಳು ಒಂದೊಂದಾಗಿ ಬೆಳಗಿದವು. ಸಮಿತಿಯಲ್ಲಿ ಪ್ರಾಂಶುಪಾಲೆಯ ಜೊತೆಗೆ ಇಬ್ಬರಿದ್ದರು. ಅವರಲ್ಲಿ ಕೋಟು ತೊಟ್ಟ ಹಿರಿಯನೊಬ್ಬ, ನಮ್ಮ ಸಾಹೇಬರ ಥರದವನೇ, ಗೋಡೆಯ ಕಡೆ ನೋಡದೆ ಸರ್ಟಿಫಿಕೇಟ್ ಎಲ್ಲಿ, ಸರ್ಟಿಫಿಕೇಟ್ ಎಲ್ಲಿ ಎಂದು ಅದೊಂದನ್ನೇ ಹಿಡಿದು ಜಗ್ಗುತ್ತಿದ್ದ. ಇಂಥದ್ದಕ್ಕೆಲ್ಲ ಲೆಕ್ಕಾಚಾರ ಬೇಕಮ್ಮ, ಬರಿ ಕೈಗುಣ ಸಾಲದು ಎಂದ. ಟೈಲರಮ್ಮ ಅವನನ್ನು ತಲೆಯಿಂದ ಮೊಣಕಾಲಿನವರೆಗೆ ಒಮ್ಮೆ ನೋಡಿದಳು. ಮೇಜಿನ ಮೇಲಿದ್ದ ಚೀಟಿಯಲ್ಲಿ ಏನೋ ಬರೆದು, ಮಡಿಸಿ, ಅವನ ಕೈಗೆ ಕೊಟ್ಟಳು. ಅವನು ಬಿಡಿಸಿ ಓದಿದ. ಅವನ ಬಲಭುಜ ಎಷ್ಟು ಇಳಿದಿದೆ, ಕೋಟಿನ ಬಲತೋಳು ಹತ್ತು ನಿಮಿಷಕ್ಕೊಮ್ಮೆ ಏಕೆ ಹಿಂದಕ್ಕೆ ಜಾರುತ್ತದೆ, ಸರಿಪಡಿಸಲು ಎಲ್ಲಿ ಎಷ್ಟು ಬಿಚ್ಚಬೇಕು ಎಂದು ಮೂರು ಸಾಲಿನಲ್ಲಿತ್ತು. ಜೋರಾಗಿ ಹೇಳಿದ್ದರೆ ಕೋಣೆಯಲ್ಲಿದ್ದವರೆಲ್ಲ ನಗುತ್ತಿದ್ದರು, ನಾನಾಗಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ. ಆಕೆ ಹೇಳಲಿಲ್ಲ. ಅವನು ಚೀಟಿಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಂಡು, ಜಾರುತ್ತಿದ್ದ ತೋಳನ್ನು ಮುಂದಕ್ಕೆಳೆದುಕೊಂಡು, ಮುಂದಿನ ನಕ್ಷೆ ತೋರಿಸಿ ಎಂದ. ಸರ್ಟಿಫಿಕೇಟಿನ ಮಾತು ಮತ್ತೆ ಎತ್ತಲಿಲ್ಲ.

ಈಗ ಟೈಲರಮ್ಮ ವಾರಕ್ಕೆ ಮೂರು ದಿನ ಶಾಲೆಗೆ ಹೋಗುತ್ತಾಳೆ. ಹತ್ತೊಂಬತ್ತು ಹುಡುಗಿಯರು. ಮೊದಲ ವಾರ ಅವರಿಗೆ ಕತ್ತರಿ ಮುಟ್ಟಲು ಬಿಡಲಿಲ್ಲ. ಬಾಯಿ ಮುಚ್ಚಿಕೊಂಡು ಅಳೆಯುವುದನ್ನು ಕಲಿಸಿದಳು. ಪಾಠಕ್ಕೆ ಬೇಕಾದಾಗ ಹಜಾರದ ಕಂಪ್ಯೂಟರಿನ ಮುಂದೆ ಕೂರುತ್ತಾಳೆ, ಸಹಿ ಹಾಕುವುದಿಲ್ಲ. ನೋಟುಪುಸ್ತಕ ಇನ್ನೂ ಮೊಳೆಯಲ್ಲೇ ಇದೆ. ಅದರ ಖಾಲಿ ಹಾಳೆಗಳನ್ನು ಹುಡುಗಿಯರ ಅಭ್ಯಾಸಕ್ಕೆಂದು ನಾಲ್ಕು ನಾಲ್ಕಾಗಿ ಹರಿದುಕೊಂಡು ಹೋಗುತ್ತಾಳೆ. ಸಾಹೇಬರು ನೋಡುತ್ತಾರೆ, ಪತ್ರಿಕೆಯ ಪುಟ ಮಗುಚುತ್ತಾರೆ.

ಅವರ ಆರು ಫೋಲ್ಡರುಗಳು ಮುಚ್ಚಿದಂತೆಯೇ ಇವೆ. ಒಡೆಯರು ಅವರೇ. ಒಂದು ಸಾಲು ತೆಗೆದರೆ ಮುಗಿಯಿತು, ಟೈಲರಮ್ಮನಿಗೆ ಈಗ ಅದು ಬಾಯಿಪಾಠ. ಕೇಳಿದರೆ ಹೇಳಿಕೊಡುತ್ತಾಳೆ. ಕೇಳಬೇಕಷ್ಟೆ. ಕೇಳುವುದಕ್ಕೆ ಅವರಿಗೆ ಬಾಯಿ ಬರುವುದಿಲ್ಲ, ಬೇರೆಯವರಿಂದ ಕೇಳಿಸಿಕೊಂಡೇ ಬದುಕಿದವರು ಅವರು. ದಿನವೂ ಬೆಳಿಗ್ಗೆ ಹನ್ನೊಂದಕ್ಕೆ, ಹಳೇ ಕಚೇರಿಯ ಹೊತ್ತಿಗೆ, ಕ್ಷೌರ ಮಾಡಿಕೊಂಡು ಬಂದು ಕೂತು ‘ಸನ್ಮಾನ’ದ ಮೇಲೆ ಒತ್ತುತ್ತಾರೆ. ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂದು ಬರುತ್ತದೆ. ಕೆಳಗೆ ಸರಿ ಎಂಬ ಒಂದೇ ಗುಂಡಿ ಇರುತ್ತದೆ. ಸಾಹೇಬರು ಅದನ್ನು ಒತ್ತಿ ಎದ್ದು ಹೋಗುತ್ತಾರೆ, ನಾಳೆ ಮತ್ತೆ ಬರುತ್ತಾರೆ.